ಮುಕ್ತಿಯಾರ್ ಭಾಯ್ ಕೊಸರು

ನಮ್ಮ ಮುಕ್ತಿಯಾರ್ ಭಾಯ್ ಅಂಗಡಿಲಿ ವ್ಯಾಪಾರ ಮಾಡಿ, ಕೊಸರು ಇಲ್ದೆ ಹೋದೋರು ಒಬ್ಬರನ್ನ ತೋರ್ಸಿ, ನನ್ನ ಜೆರಾಕ್ಸ್ ಮಿಷನ್ ನಿಮಗೇ ಬರ್ಕೊಟ್ಬುಡ್ತೀನಿ. ಚನ್ನಪಟ್ಟಣದಲ್ಲಿ ಗೊಂಬೆ ಮಾಡೋರು ಬೇಕಾದಷ್ಟು ಜನ ಅವ್ರೆ. ಆದ್ರೆ ಗೊಂಬೆ ಕೊಂಡೋರ ಕೈಗೆ ಮೇಲೊಂದು ಬುಗುರಿನೋ ಗಿಲಕಿನೋ ಹಾಕ್ದೆ ಹೋದ್ರೆ ಅವತ್ತು ಅನ್ನ ಸೇರ್ದೆ ಇರೋ ಮನುಷ್ಯ ಇವ್ರೊಬ್ರೇ. ನಂದು ಪಕ್ಕದ ಅಂಗಡಿ. ಒಂದು ಹಾಳೆನೂ ನಾನು ಬಿಟ್ಟಿ ತೆಗ್ಯಲ್ಲ. "ಪ್ರಕಾಶಣ್ಣ, ನಿಮ್ ಕೈ ಒಸಿ ಬಿಗಿ" ಅಂತಾರೆ. "ನಿಮ್ ಕೈಲಿ ಬರೀ ತೂತೇ ಐತಲ್ಲ ಭಾಯ್" ಅಂತೀನಿ.

ಇಷ್ಟು ಧಾರಾಳಿಗೂ ಹೊಟ್ಟೇಲಿ ಒಂದು ಉರಿ ಐತೆ. ಹಿಂದೆ ಅವ್ರೇ ತಲೆ ಓಡ್ಸಿ, ಹಾಲೆ ಮರದಲ್ಲಿ ಕತ್ತು ತಿರುಗ್ಸೋ ಗೂಬೆ ಮಾಡಿದ್ರು. ಒಸಿ ದಿನಕ್ಕೇ ಅದೇ ಕಣ್ಣು, ಅದೇ ಕೊಕ್ಕು, ಅದೇ ಗೂಬೆ ಪ್ಲಾಸ್ಟಿಕ್‌ನಲ್ಲಿ ಬಂದು ಇವ್ರ ಅಂಗಡಿ ಎದುರಿಗೇ ತಳ್ಳೋ ಗಾಡೀಲಿ ಕೂತ್ಕತು. "ನಕಲು ಮಾಡೋನು ಒಂದು ಮಾತು ಕೇಳ್ಬೋದಿತ್ತು" ಅಂತ ಇವತ್ತಿಗೂ ಅಂತಾರೆ. ಕೇಳಿದ್ರೆ ಗೂಬೆ ಜೊತೆಗೆ ಮರಿನೂ ಕೊಡ್ತಿದ್ರು, ಅದು ಬೇರೆ ವಿಷ್ಯ.

ಅವ್ರ ಮಗಳು ಮಹ್ವಿಶ್ ಕಂಪ್ಯೂಟರ್ ಡಿಪ್ಲೊಮಾ ಮಾಡಿ ಮನೇಲಿ ಕೂತು ಒಂದು ವಿಡಿಯೊ ಗೇಮ್ ಮಾಡಿದ್ಳು. ಚನ್ನಪಟ್ಟಣದ ಮರದ ಕುದುರೆ ರಾಮನಗರದ ಬಂಡೆಯಿಂದ ಬಂಡೆಗೆ ನೆಗ್ದು ಹೋಗ್ಬೇಕು, ಅದೇ ಆಟ. ಪೆನ್ ಡ್ರೈವ್‌ಗೆ ತುಂಬಿ, ಬಣ್ಣದ ಮರದ ಡಬ್ಬೀಲಿಟ್ಟು ಅಪ್ಪನ ಅಂಗಡೀಲೇ ಮಾರೋದು ಅಂತಾಯ್ತು. ಅವಳ ತಾಯಿ ರೋಶನ್ ಬೀ ಮಾತ್ರ ಗಟ್ಟಿ. "ರಂಜಾನ್ ಒಳಗೆ ಡಬ್ಬಿ ಎಲ್ಲಾ ಹೋದ್ರೆ ಎರಡನೇ ಆಟ ಮಾಡು. ಇಲ್ಲಾ, ಹಾರೋಹಳ್ಳಿ ಫ್ಯಾಕ್ಟರಿ ಆಫೀಸಲ್ಲಿ ಕೆಲ್ಸ ಐತೆ, ಬಾಯಿ ಮುಚ್ಕೊಂಡು ಹೋಗು" ಅಂದ್ರು. ಹುಡುಗಿ ಒಪ್ಕೊಂಡ್ಳು.

ಭಾಯ್‌ಗೆ ಆಗಿಂದ ಗೂಬೆದೇ ಚಿಂತೆ. "ಇದನ್ನೂ ಕದ್ದುಬುಟ್ರೆ?" ಅಂತ ಮರ ಕಡೆಯೋ ಲೇತ್ ನಿಲ್ಸಿ ನಿಲ್ಸಿ ಕೇಳೋರು. ಕಂಪ್ಯೂಟರ್ ಒಳಗೆ ಯಾವ ಬೀಗ ಹಾಕಿದ್ರೂ ಒಡಿಯೋರು ಇದ್ದೇ ಇರ್ತಾರೆ, ಬೀಗ ಹೊರಗಿರ್ಲಿ ಅಂದ್ಳು ಮಹ್ವಿಶ್. ಅಪ್ಪನ ಕೈಲೇ ಮರದ ಚಕ್ರ ಮಾಡ್ಸಿದ್ಳು. ಒಂದರ ಮೇಲೊಂದು ಎರಡು ಬಿಲ್ಲೆ, ಅಂಚಿಗೆಲ್ಲ ಅರಗಿನ ಬಣ್ಣ, ಮೇಲಿನ ಬಿಲ್ಲೇಲಿ ಒಂದು ತೂತು, ಅದ್ರೊಳಗೆ ಕೆಳಗಿನ ಬಿಲ್ಲೆ ಬಣ್ಣ ಕಾಣ್ತದೆ. ಆಟ ಶುರುವಾಗೋಕ್ ಮುಂಚೆ ಕೇಳ್ತದೆ: ಕೆಂಪಿನ ಎದುರಿಗೆ ಹಳದಿ ತಂದಿಡು, ತೂತಲ್ಲಿ ಯಾವ ಬಣ್ಣ ಕಾಣ್ತು? ಒಂದೊಂದು ಸಲ ಒಂದೊಂದು ಪ್ರಶ್ನೆ. ಡಬ್ಬಿಗೆ ಒಂದೇ ಚಕ್ರ, ಅದಿಲ್ದಿದ್ರೆ ಕುದುರೆ ಏಳೋದೇ ಇಲ್ಲ.

"ಬುಡಮ್ಮ, ಇದ್ಯಾವ ದೊಡ್ಡ ಬೀಗ" ಅಂತ ನಾನು ಚಕ್ರನ ನನ್ನ ಮಿಷನ್ ಮೇಲಿಟ್ಟು ಗುಂಡಿ ಒತ್ತಿದೆ. ಸೀದೋದ ರಾಗಿ ರೊಟ್ಟಿ ಥರ ಬಂತು. ಭಾಯ್ ಅವತ್ತು ಬೀದಿಗೆಲ್ಲ ಟೀ ಕುಡ್ಸಿದ್ರು.

ಶುರುವಲ್ಲಿ ಡಬ್ಬಿ ಚೆನ್ನಾಗಿ ಹೋಯ್ತು. ಆಮೇಲೆ ಇದ್ದಕ್ಕಿದ್ದಂಗೆ ನಿಂತೋಯ್ತು. ನಾನು ಕನಕಪುರಕ್ಕೆ ನಮ್ಮ ಭಾವ ಯೋಗಾನಂದನ ಮನೆಗೆ ಹೋದ್ರೆ, ಅವನ ಮಗಳು ಚಕ್ರ ತಿರುಗಿಸ್ಕೊಂಡು ಅದೇ ಆಟ ಆಡ್ತಾವ್ಳೆ. ಎಲ್ಲಿ ತಗಂಡ್ರಿ ಅಂದೆ.

"ತಗೊಳ್ಳೋದೇನ್ ಬಂತು? ಪಕ್ಕದ ಮನೆಯೋರು ನಿಮ್ಮೂರಿಂದ ತಂದ್ರು. ಅಂಗಡಿಯೋರು ಎರಡು ಚಕ್ರ ಕೊಟ್ಟಿದ್ರಂತೆ. ಆಟ ಕಾಪಿ ಹೊಡ್ಕೊಂಡು ಒಂದು ಚಕ್ರ ನಮಗೆ ಕೊಟ್ರು" ಅಂದ ಭಾವ.

ನಂಗೆ ಅಲ್ಲೇ ಗೊತ್ತಾಗೋಯ್ತು. ಊರಿಗೆ ಬಂದೋನೇ ಕೇಳ್ದೆ. "ಭಾಯ್, ಡಬ್ಬಿ ಕೊಂಡೋರಿಗೆ ಕೊಸರು ಏನ್ ಹಾಕ್ತಿದ್ರಿ?"

"ಬುಗುರಿ ಖಾಲಿಯಾಗಿತ್ತು ಪ್ರಕಾಶಣ್ಣ. ಲೇತ್ ಮೇಲೆ ಚಕ್ರನೇ ತಾನೇ ಆಗ್ತಿದ್ದಿದ್ದು, ಅದನ್ನೇ ಒಂದೊಂದು ಹಾಕ್ದೆ. ಮಕ್ಕಳು ಕಳ್ಕೊಂಡ್ಬುಡ್ತವೆ ನೋಡಿ."

"ಎಲ್ಲಾರಿಗೂನಾ?"

"ಒಬ್ಬರಿಗೆ ಕೊಟ್ಟು ಒಬ್ಬರಿಗೆ ಬುಡಕ್ಕಾಯ್ತದಾ?"

ಮಹ್ವಿಶ್ ಅಲ್ಲೇ ನಿಂತಿದ್ಳು. "ಬೀಗನೂ ನೀವೇ ಮಾಡಿ, ಕದಿಯೋರ್ಗೆ ಕೀನೂ ನೀವೇ ಹಂಚಿದ್ರಲ್ಲ ಅಬ್ಬಾ" ಅಂದು ಒಳಗೆ ಹೋದ್ಳು. ಅಪ್ಪನ ಜೊತೆ ಮಾತು ಬುಟ್ಲು. ರಂಜಾನ್ ಕಳೀತು, ಡಬ್ಬಿ ಉಳೀತು. ಹುಡುಗಿ ಊಟದ ಡಬ್ಬಿ ತಗೊಂಡು ಹಾರೋಹಳ್ಳಿ ಬಸ್ ಹತ್ತಿದ್ಳು. ಭಾಯ್ ಇನ್ಮೇಲೆ ಯಾರಿಗೂ ಕೊಸರು ಕೊಡಲ್ಲ ಅಂತ ಲೇತ್ ಮುಟ್ಟಿ ಆಣೆ ಮಾಡಿದ್ರು. ಆಮೇಲೆ ವ್ಯಾಪಾರ ಆದಾಗೆಲ್ಲ ಕೈ ಎರಡೂ ಬೆನ್ನ ಹಿಂದೆ ಕಟ್ಕೊಂಡು ನಿಲ್ಲೋರು. ನಂಗೆ ರೇಗ್ಸೋಕೂ ಮನಸ್ಸು ಬರ್ಲಿಲ್ಲ.

ಅತ್ಲಾಗೆ ಫ್ಯಾಕ್ಟರೀಲಿ ಆಗಿದ್ದೇ ಬೇರೆ. ಪಕ್ಕದ ಸೀಟಿನ ಜ್ಯೋತಿಲಕ್ಷ್ಮಿ ಅನ್ನೋಳು ಊಟದ ಹೊತ್ತಲ್ಲಿ ಬ್ಯಾಗಿಂದ ಚಕ್ರ ತೆಗ್ದು, "ಚೆನ್ನಾಗೈತೆ ಅಲ್ವಾ? ಕಾಸು ಕೊಟ್ಟಿಲ್ಲ ಕಣೇ. ಚನ್ನಪಟ್ಟಣದಲ್ಲಿ ಯಾವನೋ ಪೆದ್ದ ಅವ್ನೆ, ಎಲ್ಲಾರಿಗೂ ಎರಡೆರಡು ಕೊಡ್ತಾನಂತೆ" ಅಂದ್ಳು.

ಮನೇಲಿ ಅಪ್ಪನ ಮುಖ ನೋಡದ ಹುಡುಗಿ ಅಲ್ಲಿ ತಟ್ಟೆ ತಳ್ಳಿ ಎದ್ದು ನಿಂತ್ಕೊಂಡ್ಳಂತೆ. "ಪೆದ್ದ ಅಂದ್ರೆ ಸರಿಯಿರಲ್ಲ. ಅವ್ರು ನಮ್ಮಪ್ಪ. ಈ ಚಕ್ರ ನಿಂಗೆ ಮಾಡಕ್ಕೆ ಬತ್ತದಾ? ಕೊಡೋ ಕೈ ಆದ್ರೂ ಐತಾ?" ಅಂತ ಎಲ್ಲಾರ ಮುಂದೆ ಅವಳ ಜನ್ಮ ಜಾಲಾಡಿ, ಆಮೇಲೆ ಅಲ್ಲೇ ಕೂತು ಅತ್ತುಬುಟ್ಲಂತೆ.

ಭಾನುವಾರ ಜ್ಯೋತಿಲಕ್ಷ್ಮಿನೇ ಅಂಗಡಿಗೆ ಬಂದು ಈ ಕತೆನೆಲ್ಲ ನಮಗೆ ಹೇಳಿದ್ದು. ಫ್ಯಾಕ್ಟರಿ ಹುಡುಗೀರನ್ನೂ ಕರ್ಕೊಂಡು ಬಂದಿದ್ಳು. ಒಬ್ಬೊಬ್ಬರೂ ಒಂದೊಂದು ಡಬ್ಬಿ ತಗೊಂಡ್ರು. ಕಾಸು ಕೊಟ್ಟಾಯ್ತು, ಚೀಲಕ್ಕೆ ಹಾಕಿದ್ದಾಯ್ತು, ಆದ್ರೂ ಮೆಟ್ಟಿಲ ಮೇಲೆ ಹಂಗೇ ನಿಂತವ್ರೆ. ವ್ಯಾಪಾರ ಮುಗಿದ ಮೇಲೂ ಗಿರಾಕಿ ನಿಂತವ್ರೆ ಅಂದ್ರೆ ಯಾತಕ್ಕೆ ಅಂತ ನಮ್ಮ ಕಡೆ ಯಾರ್ಗೂ ಹೇಳ್ಕೊಡ್ಬೇಕಾಗಿಲ್ಲ. ಭಾಯ್ ಕೈ ಬೆನ್ನ ಹಿಂದೆ ಕಟ್ಕೊಂಡು ಸೂರು ನೋಡ್ತಾ ನಿಂತ್ರು, ಹಣೆ ಮೇಲೆ ಬೆವರು ಬೇರೆ.

ಮಹ್ವಿಶ್ ಒಳಗಿಂದ ಬಂದ್ಳು. ಲೇತ್ ಪಕ್ಕ ಉಳಿದಿದ್ದ ಗುಡ್ಡೆಯಿಂದ ಚಕ್ರ ಎತ್ಕೊಂಡು ಒಬ್ಬೊಬ್ಬರ ಕೈಗೂ ಒಂದೊಂದು ಹಾಕಿದ್ಳು. ಆಮೇಲೆ ಅಪ್ಪನ ಕಡೆ ತಿರುಗಿದ್ಳು. ಮಾತು ಬುಟ್ಟ ಮೇಲೆ ಅವಳು ಆಡಿದ ಮೊದಲ್ನೇ ಮಾತು ಅದು.

"ಅಬ್ಬಾ, ಕೆಲ್ಸದಿಂದ ಬಂದು ರಾತ್ರಿ ಹೊತ್ತು ಎರಡನೇ ಆಟ ಶುರು ಮಾಡಿವ್ನಿ. ಈ ಸಲ ಮೊದಲು ಬುಗುರಿ ಮಾಡಿಡಿ, ಆಮೇಲೆ ಚಕ್ರ."