ತಿಳೀತ್ರಿ ಮೇಡಂ

ನಮ್ಮ ಮನೆಯವರು ತೀರಿಕೊಂಡು ತಿಂಗಳಾಗುವ ಮೊದಲೇ ನಾನು ಕಾಲೇಜಿಗೆ ಮರಳಿದೆ. ಹರಿಹರದಿಂದ ದಾವಣಗೆರೆಗೆ ಬಸ್ಸು, ಅಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ. ಅಳು ಬರುತ್ತಿರಲಿಲ್ಲ. ಹಸಿವೂ ಅಷ್ಟಕ್ಕಷ್ಟೆ. ಬೋರ್ಡಿನ ಮೇಲೆ ಕೈ ತಾನಾಗಿ ಸಮೀಕರಣ ಬರೆಯುತ್ತಿತ್ತು. ಬರೆದು ತಿರುಗಿ "ತಿಳೀತಾ?" ಎನ್ನುತ್ತಿದ್ದೆ. "ತಿಳೀತ್ರಿ ಮೇಡಂ" ಎಂದು ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

ಎಲ್ಲರಿಗಿಂತ ಜೋರಾಗಿ ತಲೆಯಾಡಿಸುತ್ತಿದ್ದವಳು ಮುಂದಿನ ಬೆಂಚಿನ ಹುಡುಗಿ, ಭಾನುವಳ್ಳಿಯವಳು. ಕಿರುಪರೀಕ್ಷೆಯಲ್ಲಿ ಪ್ರಶ್ನೆಗಳನ್ನೇ ದುಂಡಗೆ ನಕಲು ಮಾಡಿ, ಕೆಳಗೆ ಜಾಗ ಖಾಲಿ ಬಿಟ್ಟಿದ್ದಳು. ಸ್ಟಾಫ್ ರೂಮಿಗೆ ಕರೆದು ಕೇಳಿದರೆ ನೆಲ ನೋಡುತ್ತ ನಿಂತಳು. ಪಕ್ಕದ ಟೇಬಲ್ಲಿನ ಮೇಷ್ಟ್ರು ಬೆಂಗಳೂರಿನಿಂದ ಹೊಸದಾಗಿ ಬಂದವರು. "ಮುಖ ನೋಡಿ ಮಾತಾಡಮ್ಮ, ಏನೋ ಮುಚ್ಚಿಡ್ತಿದ್ದೀಯ" ಎಂದರು. ಅವಳ ತಲೆ ಇನ್ನೂ ಬಗ್ಗಿತು. ನಾನೂ ಹಾಗೇ ಅಂದುಕೊಂಡು, ತಾಯಿಯನ್ನು ಕರೆದುಕೊಂಡು ಬಾ ಎಂದೆ.

ತಾಯಿ ಗದ್ದೆ ಕೆಲಸ ಬಿಟ್ಟು ಬಂದಿದ್ದರು. "ಕೂಡ್ರಿ" ಎಂದು ಮೂರು ಸಲ ಹೇಳಿದ ಮೇಲೆ ಕುರ್ಚಿಯ ತುದಿಗೆ ಕೂತರು.

"ತಿಳೀದಿದ್ರೂ ತಿಳೀತು ಅಂತಾಳಲ್ಲ, ಯಾಕ್ರಿ?" ಎಂದೆ.

"ನಾವೇ ಹಂಗೆ ಕಲ್ಸೀವ್ರಿ. ದೊಡ್ಡೋರು ಹೇಳಿಕೊಟ್ಟಿದ್ದು ತಿಳೀಲಿಲ್ಲ ಅಂದ್ರೆ, ನೀವು ಸರಿ ಹೇಳಿಲ್ಲ ಅಂದಂಗೆ ಆಗ್ತೈತಲ್ರಿ. ಅದರಾಗೆ ಮೇಡಂ ಕಷ್ಟದಾಗೆ ಅದಾರೆ, ಮತ್ತೆ ಮತ್ತೆ ಕೇಳಾದು ಬ್ಯಾಡ ಅಂತ ಹುಡುಗ್ರೆಲ್ಲಾ ಮಾತಾಡ್ಕೊಂಡಾರಂತ್ರಿ."

ಅಳು ಬರಬೇಕಿತ್ತು. ಬರಲಿಲ್ಲ. ಅವರಿಗೆ ಟೀ ತರಿಸಿದೆ.

ಮರುದಿನ, ತಿಳಿಯದ್ದನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆದುಕೊಡಿ ಎಂದು ಕ್ಲಾಸಿಗೆ ಹೇಳಿದೆ. ಸಂಜೆ ಬಸ್ಸಿನಲ್ಲಿ ಓದಿದೆ. ಬಹಳಷ್ಟು ಚೀಟಿಗಳಲ್ಲಿ ಒಂದೇ ಮಾತು: "ಮೊದಲಿನಿಂದ." ಒಂದರಲ್ಲಿ ಮಾತ್ರ ಅದರ ಕೆಳಗೆ "ಸಾರಿ ಮೇಡಂ" ಎಂದಿತ್ತು. ಯಾರಿಗೋ ಬಂದ ಪತ್ರ ಓದಿದಂತೆ ಓದಿ ಬ್ಯಾಗಿಗೆ ಹಾಕಿಕೊಂಡೆ.

ಮೊದಲ ಪಾಠದಿಂದಲೇ ಶುರುಮಾಡಿದೆ. ತಿಳಿಯಿತೇ ಎಂದು ಕೇಳುವುದನ್ನು ಬಿಟ್ಟು, ಇಬ್ಬಿಬ್ಬರನ್ನು ಕೂರಿಸಿ ಒಬ್ಬರಿಗೊಬ್ಬರು ಹೇಳಿಕೊಡಿ ಎಂದೆ. ಆ ಹುಡುಗಿ ಗೆಳತಿಯ ಜೊತೆ "ಏ, ಇದು ಹೆಂಗೆ ಬಂತೇ? ಇನ್ನೊಮ್ಮೆ ಹೇಳು" ಎಂದು ಜಗಳಕ್ಕೇ ನಿಲ್ಲುತ್ತಿದ್ದಳು. ನಾನು ಹತ್ತಿರ ಹೋದರೆ ಬಾಯಿ ಮುಚ್ಚುತ್ತಿದ್ದಳು. ಹಾಗಾಗಿ ಕಿಟಕಿಯ ಬಳಿಯೇ ನಿಲ್ಲುತ್ತಿದ್ದೆ. ಪೋರ್ಷನ್ ಹಿಂದೆ ಬಿತ್ತು. ಪ್ರಾಂಶುಪಾಲರು ಎರಡು ಸಲ ಕರೆಸಿ ಕೇಳಿದರು.

ಅವಳು ಪಾಸಾದಳು, ದೊಡ್ಡ ಅಂಕವೇನಲ್ಲ. ಫಲಿತಾಂಶದ ದಿನ ಪೇಡೆ ತಂದು ಕೈಗಿತ್ತಳು. ತಿಂದೆ. ಸಿಹಿಯಾಗಿದೆ ಎಂದು ಗೊತ್ತಾಯಿತು, ಅಷ್ಟೆ.