ಅಂಗಿ ಗುಂಡಿಗಾಗಿ ಇಂಜಿನ್ ಬಿಚ್ಚಿಸಿದೆ

ತರೀಕೆರೆಯ ಗ್ಯಾರೇಜಿನಲ್ಲಿ ಸರ್ವಿಸ್ ಮುಗಿದ ನನ್ನ ಕಾರಿನ ಇಂಜಿನ್ನನ್ನು ಮತ್ತೆ ಕಾರಿಗೆ ಕೂರಿಸಲು ಸರಪಳಿಗೆ ಕಟ್ಟಿ ಮೇಲೆತ್ತುತ್ತಿದ್ದಾಗ ನೋಡಿಕೊಂಡೆ: ನನ್ನ ಅಂಗಿಯದೊಂದು ಗುಂಡಿ ಇಲ್ಲ! ಬಿಚ್ಚಿದ್ದ ಇಂಜಿನ್ನಿನೊಳಗೆ ಬೆಳಗಿನಿಂದ ಬಗ್ಗಿ ಬಗ್ಗಿ ಇಣುಕಿದವನು ನಾನೇ.

"ಬಸಣ್ಣ, ಗುಂಡಿ ಒಳಗೆ ಬಿದ್ದಿರಬೇಕು ಕಣಪ್ಪಾ."

"ಏನ್ ಸಾರ್ ನೀವು, ಇಂಜಿನ್ ಏನು ದೇವಸ್ಥಾನದ ಹುಂಡೀನಾ?" ಎಂದು ಗೊಣಗುತ್ತಲೇ ಮೆಕ್ಯಾನಿಕ್ ಬಸಣ್ಣ ಇಂಜಿನ್ನನ್ನು ಕೆಳಗಿಳಿಸಿ, ಅಡಿಯ ಆಯಿಲ್ ಪ್ಯಾನ್ ಬಿಚ್ಚತೊಡಗಿದ.

ಅಷ್ಟರಲ್ಲಿ ಹೆಂಡತಿಗೆ ಫೋನ್ ಮಾಡಿದೆ. "ಅದು ಕಿತ್ತುಹೋಗಿ ವಾರ ಆಯ್ತು ಕಣ್ರೀ, ದಾರದ ಡಬ್ಬೀಲಿದೆ," ಎಂದಳು. ಇದನ್ನು ಬಸಣ್ಣನಿಗೆ ಯಾವ ಬಾಯಲ್ಲಿ ಹೇಳಲಿ ಎಂದು ನಾನು ಬೆವರುತ್ತಿರುವಾಗ ಅವನೇ ಎದ್ದು ಬಂದ. ಮುಖ ಬಿಳಿಚಿತ್ತು. ಕೈಯಲ್ಲಿ ಎಣ್ಣೆ ಸೋರುವ ಬಟ್ಟೆ ಚೂರು.

"ಗುಂಡಿ ಇಲ್ಲ ಸಾರ್. ಇದು ನಂದೇ, ಒರೆಸೋ ಬಟ್ಟೆ. ಆಯಿಲ್ ಜಾಲರಿಗೆ ಮೆತ್ಕೊಂಡಿತ್ತು. ಹಂಗೇ ಓಡ್ಸಿದ್ರೆ ಅಜ್ಜಂಪುರ ಮುಟ್ಟೋದ್ರೊಳಗೆ ಆಯಿಲ್ ಸಿಗ್ದೆ ಇಂಜಿನ್ ಹಿಡ್ಕೊಂಡ್ಬಿಡೋದು."

ಈ ಜನ್ಮದಲ್ಲಿ ನನ್ನ ಗಾಬರಿ ಉಪಯೋಗಕ್ಕೆ ಬಂದಿದ್ದು ಇದೊಂದೇ ಸಲ. ಕಷ್ಟವಾಗಿರುವುದೂ ಅದರಿಂದಲೇ. ಗ್ಯಾಸ್ ಆರಿಸಿದ್ದೀಯಾ ಎಂದು ಎಷ್ಟು ಸಲ ಕೇಳಿದರೂ ಹೆಂಡತಿ ಈಗ ಬೈಯುವುದಿಲ್ಲ, ಎದ್ದು ಹೋಗಿ ನೋಡಿ ಬರುತ್ತಾಳೆ. ಅವಳೂ ನನ್ನ ಹಾಗೇ ಆಗುತ್ತಿದ್ದಾಳೇನೋ ಎಂಬುದು ಹೊಸ ಚಿಂತೆ.