ಒಟ್ಟಿಗೆ ಕುಡಿಯಲಿಕ್ಕಿಲ್ಲ

ಶಕುನ, ಅಶರೀರವಾಣಿ ಇತ್ಯಾದಿಗಳನ್ನು ನಾನು ನಂಬುವವನಲ್ಲ, ಹೆದರುವವನು ಮಾತ್ರ. ನಂಬದೆಯೂ ಹೆದರಬಹುದು ಎಂಬುದಕ್ಕೆ ನನ್ನ ಅರ್ಧ ಆಯುಷ್ಯವೇ ಸಾಕ್ಷಿ. ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳತೊಡಗಿದರೆ, ಬಿ.ಪಿ. ಮಾತ್ರೆ ಬದಲಾಗಿದೆಯೇ ಎಂದು ಕೇಳುತ್ತಿದ್ದೆ. ಈಗ ಹೇಳುವ ಸರದಿ ನನ್ನದು. ಮಾತ್ರೆ ಬದಲಾಗಿಲ್ಲ.

ನನ್ನ ಭಾವ, ಅಂದರೆ ಅಕ್ಕನ ಗಂಡ, ದುಬೈಯಲ್ಲಿ ಹೋಟೆಲ್ ನಡೆಸಿ ಬೆಳುವಾಯಿಗೆ ಮರಳಿದವರು. ನಾನು ಬಂಟ್ವಾಳ ಬಿಟ್ಟು ಹೆಚ್ಚು ದೂರ ಹೋದವನಲ್ಲ. "ಇವ ಇಲ್ಲೇ ಪಕ್ಕದ ಪಾಣೆಮಂಗಳೂರಿನ ಹೊಳೆಯ ಸಂಕ ದಾಟಿದರೂ ಮನೆಗೆ ಫೋನ್ ಮಾಡಿ ಮುಟ್ಟಿದೆ ಅಂತ ಹೇಳುವ ಜನ" ಎಂದು ಭಾವ ನೆಂಟರೆದುರು ನಗಿಸುತ್ತಿದ್ದರು. ಹತ್ತಿರದವನೆಂದೇ ತಮಾಷೆ ಮಾಡುತ್ತಾರೆ ಎಂದುಕೊಂಡು ನಾನೂ ನಗುತ್ತಿದ್ದೆ. ಆದರೆ ಅವರ ಹೊಸಮನೆಯ ಒಕ್ಕಲಿನ ದಿನ, ಸ್ಲ್ಯಾಬಿನಲ್ಲೊಂದು ಬಿರುಕು ಕಂಡು, ಊಟದ ಪಂಕ್ತಿಯಿಂದಲೇ "ಭಾವ, ಇದು ಬೀಳ್ಲಿಕ್ಕಿಲ್ಲ ಅಲ್ವಾ?" ಎಂದು ಕೇಳಿಬಿಟ್ಟೆ. ಎಲ್ಲರೂ ತಲೆ ಎತ್ತಿ ಮೇಲೆ ನೋಡಿದರು. ಅಂದಿನಿಂದ ಎರಡು ವರ್ಷ ಅವರು ನನ್ನೊಡನೆ ಮಾತಾಡಲಿಲ್ಲ.

ಕಳೆದ ವರ್ಷ ನಾನೂ ಹೆಂಡತಿಯೂ ಪ್ರವಾಸದ ಗುಂಪೊಂದರ ಜೊತೆ ಜಪಾನಿಗೆ ಹೊರಟೆವು. ಸುದ್ದಿ ಅಕ್ಕನಿಂದ ತಿಳಿದಿರಬೇಕು, ಭಾವನ ವಾಯ್ಸ್ ಮೆಸೇಜ್ ಬಂತು. "ಜಪಾನಿಗೆ ಹೊರಟಿದ್ದಿಯಂತೆ? ಹದಿನೆಂಟು ವರ್ಷದ ಒಂದು ವಿಸ್ಕಿ ತಾ ಮಾರಾಯ. ಒಟ್ಟಿಗೆ ಕೂತು ಕುಡಿಯುವ."

ವಿಸ್ಕಿಯ ವಿಷಯ ನನಗೆ ಏನೂ ಗೊತ್ತಿಲ್ಲ. ಆದರೆ ಆ 'ಒಟ್ಟಿಗೆ'ಯನ್ನು ಎಷ್ಟು ಸಲ ಹಾಕಿ ಕೇಳಿದೆನೋ. ಒಂದು ಬಾಟಲಿಯಿಂದ ಸಂಬಂಧ ಸರಿಯಾಗುವುದಾದರೆ ಅದಕ್ಕಿಂತ ಸುಲಭದ ದಾರಿ ಯಾವುದು?

ಸುಲಭವೇನೂ ಇರಲಿಲ್ಲ. ಅಲ್ಲಿನ ಅಂಗಡಿಗಳಲ್ಲಿ ಚಂದದ ಲೇಬಲ್ ಇದ್ದ ಬಾಟಲಿಗಳು ಬೇಕಾದಷ್ಟು. ವಯಸ್ಸು ಬರೆದದ್ದು ಮಾತ್ರ ಇಲ್ಲ. ಹಳೆಯದನ್ನೆಲ್ಲ ಲೋಕವೇ ಕುಡಿದು ಮುಗಿಸಿತ್ತಂತೆ. ಗುಂಪಿನವರು ಕೋಟೆ, ಉದ್ಯಾನ ನೋಡುವಾಗ ನಾನು ಬೀದಿ ಬೀದಿ ಅಲೆದೆ. "ನಾವು ಜಪಾನ್ ನೋಡ್ಲಿಕ್ಕೆ ಬಂದದ್ದಾ, ನಿಮ್ಮ ಭಾವನ ಬಾಟಲಿ ಹುಡುಕ್ಲಿಕ್ಕೆ ಬಂದದ್ದಾ?" ಎಂದು ಹೆಂಡತಿ ಕೇಳಿದಳು. ಉತ್ತರ ಅವಳಿಗೂ ಗೊತ್ತಿತ್ತು.

ಕೊನೆಗೆ ಒಸಾಕಾದ ಒಂದು ಓಣಿಯಲ್ಲಿ, ಮುದುಕಿಯೊಬ್ಬಳ ಸಣ್ಣ ಅಂಗಡಿಯ ಗಾಜಿನ ಕಪಾಟಿನಲ್ಲಿ ಅದು ಸಿಕ್ಕಿತು. ನಕಲಿ ಇರಬಹುದೇ ಎಂಬ ಚಿಂತೆ ಆಗಲೇ ಶುರು. ಮೊಬೈಲಿನಲ್ಲಿ ಅನುವಾದ ಮಾಡಿ ಮಾತಾಡುವ ಆ್ಯಪ್ ಇತ್ತಲ್ಲ, ಅದರಲ್ಲಿ "ಇದು ನಿಜವಾಗಿ ಹದಿನೆಂಟು ವರ್ಷದ್ದೇ?" ಎಂದು ಕೇಳಿದೆ. ಅಷ್ಟೇ ಕೇಳಿದ್ದು. ಮುದುಕಿ ನಕ್ಕು ಜಪಾನಿ ಭಾಷೆಯಲ್ಲಿ ಏನೋ ಹೇಳಿದಳು. ಮೊಬೈಲು ಎಂದಿನ ಹೆಣ್ಣುದನಿಯಲ್ಲಿ ಹೇಳಿತು: "ಕೊಂಡು ಹೋಗು ಮಾರಾಯ. ಒಟ್ಟಿಗೆ ಕುಡಿಯಲಿಕ್ಕಿಲ್ಲ."

ಆ ಆ್ಯಪಿನ ಕನ್ನಡ ಹೇಗಿರುತ್ತದೆಂದು ಬಳಸಿದವರಿಗೆ ಗೊತ್ತು. ಸರಕಾರಿ ಸುತ್ತೋಲೆಯ ಹಾಗೆ. ಅದು ಯಾರನ್ನೂ ಮಾರಾಯ ಎಂದದ್ದಿಲ್ಲ. ಇನ್ನೊಮ್ಮೆ ಒತ್ತಿದೆ. "ಹೌದು, ಇದು ಹದಿನೆಂಟು ವರ್ಷ ವಯಸ್ಸಿನದ್ದಾಗಿದೆ. ಧನ್ಯವಾದಗಳು" ಎಂದಿತು.

ಹೆಂಡತಿಯ ಮುಖ ನೋಡಿದೆ. "ನನಗೂ ಕೇಳಿತು. ಒಳಗೆ ನಮ್ಮ ಬಂಟ್ವಾಳದವರು ಯಾರೋ ಇದ್ದಾರೆ" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ನಮ್ಮ ಕಡೆ 'ಲಿಕ್ಕಿಲ್ಲ' ಎಂದರೆ ಬಹುಶಃ ಆಗುವುದಿಲ್ಲ ಎಂದು. ಯಾಕೆ ಆಗುವುದಿಲ್ಲ? ನನ್ನ ಚಿಂತೆ ನೇರವಾಗಿ ಭಾವನ ಎದೆಗೇ ಹೋಯಿತು. ಬಾಟಲಿ ಕೊಂಡು, ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. "ಇವರಿಗಾ? ಏನಾಗ್ಬೇಕು? ಈಗಷ್ಟೆ ಮೀನುಸಾರಿಗೆ ಉಪ್ಪಿಲ್ಲ ಅಂತ ಜಗಳ ಮಾಡಿದ್ರು" ಎಂದಳು. ಆದರೂ ಅಲ್ಲಿಯೇ ನಿಂತು, ಭಾವನ ಆಯುಷ್ಯಕ್ಕೆ ಪೊಳಲಿ ಅಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡೆ. ಊರಿಗೆ ಬಂದ ಮರುದಿನವೇ ಹರಕೆ ತೀರಿಸಿದೆ. ಅಲ್ಲಿಂದ ನೇರ ಬೆಳುವಾಯಿಗೆ ಹೋದೆ.

ಭಾವ ಗಟ್ಟಿಮುಟ್ಟಾಗಿದ್ದರು. ಬಾಟಲಿ ತಿರುಗಿಸಿ ನೋಡಿ, "ಒಳ್ಳೆದುಂಟು" ಎಂದು ಶೋಕೇಸಿನಲ್ಲಿಟ್ಟು ಬೀಗ ಹಾಕಿದರು. "ಇವತ್ತು ಬೇಡ. ಒಂದು ದಿನ ಪುರುಸೊತ್ತಿನಲ್ಲಿ ಕೂರುವ." ಅಕ್ಕ ಚಾ ಕೊಟ್ಟಳು. ಕುಡಿದು ಬಂದೆ. ಅವರಿಗೆ ಏನೂ ಆಗಿಲ್ಲವಲ್ಲ ಎಂಬ ಸಂತೋಷದಲ್ಲಿ ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಹಾಡಿಕೊಂಡಿದ್ದೆ ಎಂದರೆ ನೀವು ನಗುತ್ತೀರಿ.

ಕೆಲವು ವಾರಗಳ ಮೇಲೆ ಬೆಳ್ತಂಗಡಿಯ ಒಂದು ಮದುವೆಯಲ್ಲಿ ಭಾವನ ತಮ್ಮ ಪಕ್ಕದಲ್ಲಿ ಊಟಕ್ಕೆ ಕೂತ. "ಮೊನ್ನೆ ಅಣ್ಣನಲ್ಲಿ ಭಾರೀ ಗಮ್ಮತ್ತು ಮಾರ್ರೆ. ಜಪಾನಿನ ಹಳೇ ವಿಸ್ಕಿ, ದುಬೈ ದೋಸ್ತಿ ತಂದುಕೊಟ್ಟದ್ದಂತೆ. ಬಾಟಲಿ ಖಾಲಿ! ನೀವು ಯಾಕೆ ಬರ್ಲಿಲ್ಲ?"

"ಕೆಲಸ ಇತ್ತು" ಎಂದೆ.

ಕಂಪ್ಯೂಟರ್ ಓದಿದ ಮಗಳು ಇದಕ್ಕೆ ವಿವರಣೆ ಕೊಟ್ಟಳು. ಮೊಬೈಲು ನಮ್ಮ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತದಂತೆ, ಭಾವನ ಮೆಸೇಜಿನಿಂದಲೇ ಮಾತು ಕಲಿತಿರಬೇಕಂತೆ. ಇರಬಹುದು. ಆದರೆ ಭಾವ ಹೇಳಿದ್ದು 'ಕುಡಿಯುವ' ಎಂದು. ಆ 'ಲಿಕ್ಕಿಲ್ಲ' ಎಲ್ಲಿಂದ ಬಂತು? ಆಗ ಅದು ಭಾವನ ಮನಸ್ಸಿನಲ್ಲಾದರೂ ಇತ್ತೇ? ನನಗೆ ತಿಳಿದಿಲ್ಲ, ತಿಳಿಯುವ ದಾರಿಯೂ ಕಾಣುವುದಿಲ್ಲ.

ಈಗ ನಾವು ಮಾತಾಡುತ್ತೇವೆ. ಎಲ್ಲಿ ಸಿಕ್ಕಿದರೂ ಅವರು "ಹೇಗಿದ್ದಿ?" ಎನ್ನುತ್ತಾರೆ, ನಾನು "ಹೀಗೇ ಉಂಟು ಭಾವ" ಎನ್ನುತ್ತೇನೆ. ಮಾತಿಲ್ಲದಿದ್ದ ಆ ಎರಡು ವರ್ಷಗಳಲ್ಲಿ ಅವರು ನನಗೆ ಇಷ್ಟು ದೂರದವರಾಗಿರಲಿಲ್ಲ.